ಬದಿಗಿಟ್ಟ ಬೊಗಸೆ ಸಿಗಡಿ

ನನ್ನ ತಂಗಿಯ ಮೊಮ್ಮಗಳು ಚಿಪ್ ಡಿಸೈನಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಈ ಬೇಸಿಗೆಯಲ್ಲಿ ಬ್ರಹ್ಮಾವರದ ನಮ್ಮ ಮನೆಗೆ ಬಂದವಳು ಹದಿನೈದು ದಿನ ಊಟದ ಮೇಜನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಲ್ಯಾಪ್‌ಟಾಪು, ಅದರ ವಯರುಗಳು, ತಳದಲ್ಲಿ ಕಾಫಿ ಒಣಗಿದ ಮೂರು ಲೋಟ. ಸಾರಿನ ಪಾತ್ರೆ ಇಡಲು ಜಾಗವಿಲ್ಲವೆಂದು ತಂಗಿಯ ಸೊಸೆ ಗೊಣಗುತ್ತಲೇ ಇದ್ದಳು. ಹುಡುಗಿಗೆ ವೈವಾ ಹತ್ತಿರ ಬಂದಿತ್ತು. ಅವಳ ಗೈಡು ಒಂದು ಹೋಮ್‌ವರ್ಕ್ ಕೊಟ್ಟಿದ್ದರಂತೆ: ಈ ವಿಷಯದ ಗಂಧಗಾಳಿ ಇಲ್ಲದ ಒಬ್ಬರನ್ನು ಕೂರಿಸಿಕೊಂಡು ಹತ್ತು ನಿಮಿಷದಲ್ಲಿ ನಿನ್ನ ಕೆಲಸ ವಿವರಿಸು, ಅವರಿಗೆ ಅರ್ಥವಾದರೆ ನಿನಗೂ ಅರ್ಥವಾಗಿದೆ ಅಂತ ಲೆಕ್ಕ.

ಮನೆಯವರೆಲ್ಲ ಒಂದೊಂದು ನೆಪ ಹೇಳಿ ತಪ್ಪಿಸಿಕೊಂಡರು. ಉಳಿದವಳು ನಾನು. "ಅಜ್ಜಿ, ನೀವ್ ಕಾನ್ವೆಂಟ್ ಅಲ್ದಾ, ನಿಮ್ಗ್ ಅರ್ಥ ಆತ್ತ್," ಎಂದು ಕುರ್ಚಿ ಎಳೆದಳು. ಎಪ್ಪತ್ತೆಂಟರ ಪ್ರಾಯದಲ್ಲೂ ಆ ಮಾತು ಕೇಳಿದರೆ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಅಪ್ಪ ಮುಂಬೈಯಲ್ಲಿ ಮೀನಿನ ವ್ಯಾಪಾರ ಮಾಡಿದವರು. ಮಗಳು ಇಂಗ್ಲಿಷ್ ಮಾತಾಡಬೇಕೆಂಬ ಒಂದೇ ಹಟಕ್ಕೆ ನನ್ನನ್ನು ಸಿಸ್ಟರುಗಳ ಬೋರ್ಡಿಂಗಿಗೆ ಹಾಕಿದ್ದರು. ಅಲ್ಲಿ ಕಲಿತ ಇಂಗ್ಲಿಷಿಗಿಂತ ಹೆಚ್ಚಾಗಿ ನನ್ನ ತಲೆಗೇರಿದ್ದು ಅರಿತ್ಮೆಟಿಕ್. ಕನ್ನಡಕ ಒರೆಸಿಕೊಂಡು ಕೂತೆ.

"ಒಂದ್ ತಕ್ಕಡಿ ಅಂದ್ಕಣಿ," ಎಂದು ಶುರು ಮಾಡಿದಳು.

ಅವಳ ಚಿಪ್ಪಿನ ಒಳಗೆ ಕರೆಂಟಿನ ಸಣ್ಣ ಅಲೆಯೊಂದು ಬರುತ್ತದೆಯಂತೆ, ರೋಗಿಯ ಎದೆಗೆ ಅಂಟಿಸಿದ ವಯರಿನಿಂದ ಬಂದದ್ದು ಎಂದೇ ಇಟ್ಟುಕೊಳ್ಳೋಣ. ಅದು ಎಷ್ಟಿದೆ ಎಂದು ಅಂಕಿಯಲ್ಲಿ ಬರೆಯಬೇಕು. ಅದಕ್ಕೆ ಚಿಪ್ಪಿನಲ್ಲಿ ಅದರದ್ದೇ ತೂಕದ ಬೊಟ್ಟುಗಳಿವೆ, ತಕ್ಕಡಿಗೆ ಇಡುವ ತೂಕದ ಕಲ್ಲುಗಳ ಹಾಗೆ. ಪ್ರತಿ ಬೊಟ್ಟೂ ಹಿಂದಿನದರ ಅರ್ಧ. ಮೊದಲು ದೊಡ್ಡದನ್ನು ಇಟ್ಟು ನೋಡುತ್ತದೆ. ಹೆಚ್ಚಾಯಿತೋ, ತೆಗೆಯುತ್ತದೆ. ಸಾಲದೋ, ಅಲ್ಲೇ ಬಿಟ್ಟು ಅದಕ್ಕಿಂತ ಸಣ್ಣದನ್ನು ಇಡುತ್ತದೆ. ಹೀಗೆ ಕೊನೆಯ ಬೊಟ್ಟಿನ ತನಕ. ಇದಕ್ಕೆ ಸಕ್ಸೆಸಿವ್ ಅಪ್ರಾಕ್ಸಿಮೇಶನ್ ಎಂಬ ಉದ್ದ ಹೆಸರು. ಇದರಲ್ಲೇನು ಹೊಸತು, ನಾವು ನನ್ನ ಗಂಡನ ಊರು ಕೋಡಿಯಲ್ಲಿ ಮೀನು ತೂಗಿದ್ದೂ ಹೀಗೆಯೇ ಎಂದು ನಾನು ನಕ್ಕೆ.

"ಹೊಸತ್ ಈಗ ಬತ್ತ್ ಕಾಣಿ," ಎಂದಳು. ಎಲ್ಲ ಬೊಟ್ಟು ಇಟ್ಟ ಮೇಲೂ, ಅತಿ ಸಣ್ಣ ಬೊಟ್ಟಿಗಿಂತ ಸಣ್ಣದು ಒಂದು ಚೂರು ಉಳಿಯುತ್ತದಲ್ಲ, ಹಳೆಯ ಚಿಪ್ಪುಗಳು ಅದನ್ನು ಬಿಸಾಡುತ್ತಿದ್ದವು. ಇವಳದ್ದು ಬಿಸಾಡುವುದಿಲ್ಲ. ಆ ಚೂರನ್ನು ಬದಿಗೆ ತೆಗೆದಿಟ್ಟು, ಮುಂದಿನ ಸಲ ಅಳೆಯುವಾಗ ಅದರ ಜೊತೆ ಸೇರಿಸುತ್ತದೆ. ಈ ಸಲ ತಪ್ಪಿದ್ದು ಮುಂದಿನ ಸಲ ಸರಿಹೋಗುತ್ತದೆ. ಅಂಕಿಗಳು ಬೇಗ ಬೇಗ ಮೇಲೆ ಕೆಳಗೆ ಕುಣಿಯುತ್ತವೆ, ಆದರೆ ನಿಧಾನಕ್ಕೆ ಸಾಗುವ ನಿಜವಾದ ಅಲೆ ಅವುಗಳ ಅಡಿಯಲ್ಲಿ ಸ್ವಚ್ಛವಾಗಿ ಉಳಿಯುತ್ತದೆ. ಆಮೇಲೆ ಆ ಕುಣಿತವನ್ನು ಸೋಸಿ ತೆಗೆಯುವುದು ಸುಲಭ. ನಾಯ್ಸ್ ಶೇಪಿಂಗ್ ಅಂದರೆ ಅಷ್ಟೇ, ಗಲಾಟೆಯನ್ನು ನಮಗೆ ಬೇಡದ ಬದಿಗೆ ದೂಡುವುದು.

ಬೊಟ್ಟು, ಉಳಿದ ಚೂರು, ಬದಿಗಿಡುವುದು. ಇದನ್ನು ಎಲ್ಲೋ ಕಂಡಿದ್ದೇನೆ ಅನ್ನಿಸಿತು. ಎಲ್ಲಿ ಎಂದು ಗೊತ್ತಾಗಲಿಲ್ಲ.

ಆಗ ಅವಳು ಲ್ಯಾಪ್‌ಟಾಪು ನನ್ನ ಕಡೆ ತಿರುಗಿಸಿದಳು. ಎರಡು ಗೆರೆ. ಒಂದು ಕೆರೆಯ ನೀರಿನ ಹಾಗೆ ಸಪಾಟು. ಇನ್ನೊಂದು ಗರಗಸದ ಹಲ್ಲಿನ ಹಾಗೆ ಏರುತ್ತ ಇಳಿಯುತ್ತ. ಒಂದೇ ವಸ್ತುವನ್ನು ಎರಡು ಚಿಪ್ಪುಗಳು ಮತ್ತೆ ಮತ್ತೆ ಅಳೆದದ್ದು. ಯಾವುದು ನಂಬಿಕಸ್ಥ ಹೇಳಿ ಎಂದಳು. ನಾನು ಸಪಾಟಾದದ್ದಕ್ಕೆ ಬೆರಳಿಟ್ಟೆ.

"ಎಲ್ರೂ ಅದನ್ನೇ ತೋರ್ಸೂದ್," ಎಂದು ನಕ್ಕಳು ಹುಡುಗಿ. "ಅದ್ ಪ್ರತಿ ಸಲವೂ ಒಂದೇ ತಪ್ಪ್ ಮಾಡ್ತಿತ್ತ್ ಅಜ್ಜಿ. ಅದ್ಕೇ ಅಷ್ಟ್ ಸಾಪ್ ಕಾಂತ್. ಕುಣೀತ್ತಲ್ಲ, ಅದೇ ಸರಿ."

ಆ ಗರಗಸದ ಗೆರೆಯನ್ನು ನಾನು ಮೊದಲೇ ನೋಡಿದ್ದೆ. ಗೆರೆಯಾಗಿ ಅಲ್ಲ, ಪೆನ್ಸಿಲಿನಲ್ಲಿ ಬರೆದ ಅಂಕಿಗಳಾಗಿ.

ನನ್ನನ್ನು ಮದುವೆ ಮಾಡಿಕೊಟ್ಟದ್ದು ಕೋಡಿಗೆ. ಗಂಡನ ಮನೆಯವರದ್ದು ಒಣಮೀನಿನ ಶೆಡ್ಡು. ಸಮುದ್ರದ ಬದಿಯ ಹೆಂಗಸರು ಮರಳಿನ ಮೇಲೆ ಒಣಗಿಸಿದ ಸಿಗಡಿಯನ್ನು ಬುಟ್ಟಿಬುಟ್ಟಿ ತಲೆಯ ಮೇಲೆ ಹೊತ್ತು ತರುತ್ತಿದ್ದರು. ಮಾಡಿನ ಜಂತಿಗೆ ನೇತುಹಾಕಿದ ತಕ್ಕಡಿ. ಐದು ಕಿಲೋ, ಎರಡು, ಒಂದು, ಅರ್ಧ ಕಿಲೋದ ಬೊಟ್ಟು. ಅರ್ಧ ಕಿಲೋದ ಕೆಳಗಿನದ್ದು ಲೆಕ್ಕಕ್ಕಿಲ್ಲ, ಅದು ಶೆಡ್ಡಿನ ಪದ್ಧತಿ. ತೂಗುವವರು ಇಬ್ಬರು, ವಾರಕ್ಕೊಬ್ಬರಂತೆ. ಒಬ್ಬರು ನನ್ನ ಅತ್ತೆಯ ಕಡೆಯ ಮುದುಕರು. ಇನ್ನೊಬ್ಬಳು ಕೋಡಿಯದ್ದೇ ಹೆಂಗಸು, ನನಗಿಂತ ಆರೇಳು ವರ್ಷ ದೊಡ್ಡವಳು, ಗಂಡ ಇಲ್ಲದವಳು, ಒಬ್ಬಳು ಸಣ್ಣ ಮಗಳು. ಶಾಲೆಗೆ ಹೋದವಳಲ್ಲ, ಆದರೆ ಅಂಕಿ ಬರೆಯುತ್ತಿದ್ದಳು, ದುಂಡಗೆ.

ಪುಸ್ತಕ ನೋಡುವ ಕೆಲಸ ಮನೆಯವರು ನನಗೆ ಕೊಟ್ಟರು. ಕಾನ್ವೆಂಟಿನ ಸೊಸೆ ಅಲ್ಲವೇ. ನೋಡಿದೆ. ಮುದುಕರ ವಾರದಲ್ಲಿ ಒಂದೇ ಅಳತೆಯ ಬುಟ್ಟಿಗಳಿಗೆ ಏಳು, ಏಳು, ಏಳು, ಏಳು. ಕಣ್ಣಿಗೆ ಹಿತ. ಅವಳ ವಾರದಲ್ಲಿ ಏಳು, ಏಳೂವರೆ, ಏಳು, ಏಳೂವರೆ. ಅದೇ ಬುಟ್ಟಿ, ಅದೇ ಸಿಗಡಿ. ಇನ್ನೊಂದು ವಿಷಯ. ಮುದುಕರ ವಾರದ ಸರಕನ್ನು ಗೋಣಿಗೆ ತುಂಬುವಾಗ ಪುಸ್ತಕದಲ್ಲಿ ಬರೆದದ್ದಕ್ಕಿಂತ ಸಿಗಡಿ ಯಾವಾಗಲೂ ಹೆಚ್ಚು ಬರುತ್ತಿತ್ತು. ನನ್ನತ್ತೆ ಅದನ್ನು ಕೊಲ್ಲೂರಮ್ಮನ ದಯೆ ಎನ್ನುತ್ತಿದ್ದರು. ಅವಳ ವಾರದಲ್ಲಿ ಆ ಹೆಚ್ಚಳ ಬರುತ್ತಿರಲಿಲ್ಲ.

ನಾನು ಶೆಡ್ಡಿನ ಕಂಬದ ಮರೆಯಲ್ಲಿ ನಿಂತು ಗಮನಿಸಿದೆ. ಬೊಟ್ಟು ಇಟ್ಟು ತೂಕ ಬರೆದ ಮೇಲೆ ಅವಳು ಕಡ್ಡಿ ಸಮ ನಿಲ್ಲುವ ತನಕ ಸಿಗಡಿಯ ತಟ್ಟೆಯಿಂದ ಒಂದಿಷ್ಟು ತೆಗೆದು ಪಕ್ಕದ ಗೆರಸಿಯ, ಅಂದರೆ ಬಿದಿರಿನ ಮೊರದ, ಮೇಲೆ ಹಾಕುತ್ತಿದ್ದಳು. ತಟ್ಟೆ ಖಾಲಿ ಮಾಡಿ, ಅದೇ ಹೆಂಗಸಿನ ಮುಂದಿನ ಬುಟ್ಟಿ ಸುರಿಯುವ ಮೊದಲು ಆ ಬೊಗಸೆಯನ್ನು ತಟ್ಟೆಗೆ ಹಾಕುತ್ತಿದ್ದಳು. ಅಂದರೆ ಒಮ್ಮೆ ತೂಗಿದ ಸಿಗಡಿಯನ್ನು ಮತ್ತೊಮ್ಮೆ ತೂಗುತ್ತಿದ್ದಾಳೆ! ತಂದವರು ಅವಳ ಕೇರಿಯವರು, ನೆಂಟರು. ನನಗೆ ಎಲ್ಲವೂ ತಿಳಿದುಹೋಯಿತು ಅನ್ನಿಸಿತು.

ಸರ್‌ಪ್ರೈಸ್ ಚೆಕ್ ಮಾಡಿದೆ. ಅವಳು ಏಳೂವರೆ ಎಂದು ಬರೆದ ಬುಟ್ಟಿಯೊಂದನ್ನು ಆಗಿಂದಾಗಲೇ ಮೊದಲಿದ್ದ ಮಟ್ಟಕ್ಕೆ ತಿರುಗಿ ತುಂಬಿಸಿ, ಬದಿಯ ಬೊಗಸೆ ಸೇರಿಸದೆ ಅದೊಂದನ್ನೇ ತೂಗಿಸಿದೆ. ಏಳೂವರೆ ಇರಲಿಲ್ಲ. ಹತ್ತುಹನ್ನೆರಡು ಹೆಂಗಸರು ನಿಂತಿದ್ದರು, ಮುದುಕರು ಇದ್ದರು, ನನ್ನ ಗಂಡ ಇದ್ದರು. ನಾನು ಪುಸ್ತಕವನ್ನು ಎತ್ತಿ ಹಿಡಿದು, ಇದು ಫಾಲ್ಸ್ ಎಂಟ್ರಿ, ಇವಳು ಸುಳ್ಳು ತೂಕ ಬರೆಯುತ್ತಾಳೆ ಎಂದೆ. ಆ ದಿನದ ನನ್ನ ಸ್ವರ ನನಗೆ ನೆನಪಿದೆ. ಬೋರ್ಡಿಂಗಿನ ಅಸೆಂಬ್ಲಿಯಲ್ಲಿ ಓದುವ ಸ್ವರ.

ಅವಳು ಅಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. "ಒಂದ್ ಬುಟ್ಟಿ ತೂಗಿ ಎಂತ ಕಾಂತ್ರಿ ಅಮ್ಮ? ಇವತ್ತ್ ಬಂದದ್ದ್ ಪೂರಾ ತೂಗಿ ಕಾಣಿ," ಎಂದಳು. ನಾನು ಅಗತ್ಯವಿಲ್ಲ ಎಂದೆ. ಅವಳು ಬೊಟ್ಟುಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಜೋಡಿಸಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಹೊರಟುಹೋದಳು. ಮತ್ತೆ ಬರಲಿಲ್ಲ. ಸುಳ್ಳು ತೂಕದವಳು ಎಂಬ ಹೆಸರು ಕೇರಿಯಲ್ಲಿ ಉಳಿಯಿತು. ಬೇರೆ ಯಾರೂ ಅವಳ ಕೈಗೆ ತಕ್ಕಡಿ ಕೊಡಲಿಲ್ಲ. ಕೆಲವು ವರ್ಷದಲ್ಲಿ ಮಗಳನ್ನು ಕಟ್ಟಿಕೊಂಡು ಬೈಂದೂರಿನ ಕಡೆ ಹೋದಳೆಂದು ಕೇಳಿದೆ. ಇದೆಲ್ಲ ಆಗಿ ನಲವತ್ತೈದು ವರ್ಷ ದಾಟಿತು.

ಹುಡುಗಿ ನನ್ನನ್ನು ಎರಡು ಸಲ ಕರೆದಳಂತೆ. ನಾನು ಅವಳ ಒಂದು ಹಾಳೆ ಮಗುಚಿ ಹಾಕಿ ಪೆನ್ನು ತೆಗೆದುಕೊಂಡೆ. ಬುಟ್ಟಿಗೆ ಏಳು ಕಿಲೋ ಮುನ್ನೂರು ಗ್ರಾಂ ಇತ್ತೆಂದು ಇಟ್ಟುಕೊಂಡೆ. ಮೊದಲನೆಯದು ಏಳು, ಬದಿಗೆ ಮುನ್ನೂರು. ಅದು ಸೇರಿ ಎರಡನೆಯದು ಏಳೂವರೆ, ಬದಿಗೆ ನೂರು. ಮೂರನೆಯದು ಏಳು, ಬದಿಗೆ ನಾನೂರು. ನಾಲ್ಕನೆಯದು ಏಳೂವರೆ, ಬದಿಗೆ ಇನ್ನೂರು. ಐದನೆಯದು ಏಳೂವರೆ, ಬದಿಗೆ ಏನೂ ಇಲ್ಲ. ಕೂಡಿಸಿದೆ. ಮೂವತ್ತಾರೂವರೆ. ಐದು ಬುಟ್ಟಿಯ ನಿಜವಾದ ತೂಕವೂ ಮೂವತ್ತಾರೂವರೆಯೇ. ಮುದುಕರ ಲೆಕ್ಕದಲ್ಲಿ ಬರೇ ಮೂವತ್ತೈದು. ಒಂದೂವರೆ ಕಿಲೋ ಸಿಗಡಿ ಪ್ರತಿ ಐದು ಬುಟ್ಟಿಗೆ ನಮ್ಮ ಶೆಡ್ಡಿನಲ್ಲಿ ಸುಮ್ಮನೆ ಉಳಿಯುತ್ತಿತ್ತು. ಕೊಲ್ಲೂರಮ್ಮನಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಸುಳ್ಳು ತೂಕ ನಮ್ಮದು. ಆ ಇಡೀ ಶೆಡ್ಡಿನಲ್ಲಿ ಸರಿಯಾಗಿ ತೂಗಿದವಳು ಅವಳೊಬ್ಬಳೇ.

ಒಂದು ಕೊನೆಯ ಆಸೆ ಇಟ್ಟುಕೊಂಡು ಹುಡುಗಿಯನ್ನು ಕೇಳಿದೆ: ನಿನ್ನ ಚಿಪ್ಪು ಸರಿಯಿದೆಯೋ ಎಂದು ಯಾರಾದರೂ ಒಂದೇ ಒಂದು ಅಳತೆ ತೆಗೆದು ಚೆಕ್ ಮಾಡಿದರೆ?

ತಪ್ಪೇ ಕಾಣುತ್ತದೆ ಎಂದಳು. ಹಳೆಯದಕ್ಕಿಂತಲೂ ಹೆಚ್ಚು ತಪ್ಪು ಕಂಡರೂ ಕಾಣಬಹುದು. ಒಂದನ್ನು ನೋಡಿ ತೀರ್ಮಾನ ಮಾಡಬಾರದು, ಸಾಲಾಗಿ ನೋಡಬೇಕು, ಕಲಿಯುವವರೆಲ್ಲ ಮೊದಲು ಎಡವುವುದು ಅಲ್ಲಿಯೇ.

ನಾನು ಅವಳಿಗೆ ಎಲ್ಲ ಹೇಳಿದೆ. ಅವಳ ಕಣ್ಣು ಅರಳಿತು. ಅಜ್ಜಿ, ಇದು ಪೂರಾ ನನ್ನ ಆರ್ಕಿಟೆಕ್ಚರೇ, ಎರರ್ ಫೀಡ್‌ಬ್ಯಾಕ್, ಇದನ್ನು ನನ್ನ ಮೊದಲ ಸ್ಲೈಡಿನಲ್ಲಿ ಹಾಕುತ್ತೇನೆ ಎಂದಳು. ಪ್ರಾಯದ ಹುಡುಗಿ, ಅವಳಿಗೆ ಅದು ಚಂದದ ಉದಾಹರಣೆ. ನಾನು ಅವಳ ಲ್ಯಾಪ್‌ಟಾಪು ಮುಚ್ಚಿದೆ. ಸ್ಲೈಡು ಆಮೇಲೆ, ಮೊದಲು ಆ ಹೆಂಗಸು ಬದುಕಿದ್ದಾಳೋ ನೋಡಬೇಕು ಎಂದೆ.

ಬದುಕಿದ್ದಳು. ಕೋಡಿಯಲ್ಲಿರುವ ನನ್ನ ನಾದಿನಿಗೆ ಫೋನ್ ಮಾಡಿ ವಿಚಾರಿಸಿದೆ. ಬೈಂದೂರಿನಲ್ಲಿ ಮಗಳ ಜೊತೆ ಇದ್ದಾಳೆ, ಕಣ್ಣು ಅಷ್ಟಕ್ಕಷ್ಟೇ, ಮಗಳು ಮೀನು ಮಾರ್ಕೆಟ್ಟಿನಲ್ಲಿ ಕೂರುತ್ತಾಳೆ ಎಂದು ತಿಳಿಯಿತು. ಈಗ ಯಾಕೆ ಅದೆಲ್ಲ ಎಂದು ನಾದಿನಿ ಕೇಳಿದಳು. ನಾನು ಫೋನ್ ಇಟ್ಟೆ.

ಮರುದಿನವೇ ಹುಡುಗಿಯನ್ನು ಕರೆದುಕೊಂಡು ಬಸ್ಸು ಹತ್ತಿದೆ. ಕುಂದಾಪುರದಲ್ಲಿ ಇಳಿದು ಇನ್ನೊಂದು ಬಸ್ಸು. ತಲ್ಲೂರು ದಾಟುವ ತನಕ ನಾನು ಮನಸ್ಸಿನಲ್ಲಿ ಮಾತು ಜೋಡಿಸುತ್ತಲೇ ಇದ್ದೆ. ನೀವು ಎಂದು ಕರೆಯಬೇಕು, ಇಂಗ್ಲಿಷ್ ಬೆರೆಸಬಾರದು, ಅಳಬಾರದು. ಕಿಟಕಿಯ ಬದಿಯಲ್ಲಿ ಹುಡುಗಿ ಫೋನಿನಲ್ಲಿ ಏನೋ ಗ್ರಾಫು ನೋಡುತ್ತಿದ್ದಳು. ಅವಳಿಗೆ ತೋರಿದ್ದು ನನಗೆ ಹೇಳಿದಳು: ಅಜ್ಜಿ, ನೀವು ಬೇಕಂತ ಮಾಡಿದ್ದಲ್ಲವಲ್ಲ. ಅಲ್ಲ, ಬೇಕಂತ ಮಾಡಿದ್ದಲ್ಲ. ಆದರೆ ಪೂರಾ ತೂಗಿ ನೋಡಿ ಎಂದು ಆ ಹೆಂಗಸು ಹೇಳಿದ್ದಳು. ಅಗತ್ಯವಿಲ್ಲ ಎಂದದ್ದು ಬೇಕಂತಲೇ.

ಹಂಚಿನ ಸಣ್ಣ ಮನೆ. ಮುದುಕಿ ಜಗಲಿಯ ಮೇಲೆ ಕಾಲು ನೀಡಿ ಕೂತು ತೆಂಗಿನ ಹಸಿಮಡಲು ಹೆಣೆಯುತ್ತಿದ್ದಳು, ಬೆರಳಿನ ಅಂದಾಜಿನಲ್ಲಿಯೇ. ನಾನು ಇಂಥವಳು, ಕೋಡಿಯ ಶೆಡ್ಡಿನವಳು ಎಂದು ಹೇಳಿಕೊಂಡೆ.

"ಸ್ವರ ಕೇಂಡೇ ಗೊತ್ತಾಯ್ತ್," ಎಂದಳು. ಮಡಲು ಬದಿಗಿಡಲಿಲ್ಲ.

ಜೋಡಿಸಿಟ್ಟ ಮಾತುಗಳಲ್ಲಿ ಒಂದೂ ಬರಲಿಲ್ಲ. ನಾನು ಜಗಲಿಯ ಮೆಟ್ಟಿಲಿನ ಮೇಲೆಯೇ ಕೂತು, ನೀನು ಸರಿಯಾಗಿ ತೂಗಿದ್ದಿ, ನಾನು ಸುಳ್ಳು ಹೇಳಿದೆ ಎಂದೆ. ಹುಡುಗಿ ಪಾಪ, ನನ್ನ ಸಹಾಯಕ್ಕೆ ಬಂದು, ನೀವು ಮಾಡಿದ್ದನ್ನೇ ಈಗ ಚಿಪ್ಪಿನ ಒಳಗೆ ಮಾಡುತ್ತಾರೆ, ದೊಡ್ಡ ದೊಡ್ಡ ಇಂಜಿನಿಯರುಗಳು ತಲೆ ಓಡಿಸಿ ಕಂಡುಹಿಡಿದದ್ದು, ನಿಮಗೆ ಯಾರು ಕಲಿಸಿದರು ಎಂದು ಕೇಳಿದಳು. ಮುದುಕಿಗೆ ಅದರಲ್ಲಿ ದೊಡ್ಡ ಆಶ್ಚರ್ಯವೇನೂ ಕಾಣಲಿಲ್ಲ. ಅವಳ ಅಬ್ಬಿ, ಅಂದರೆ ತಾಯಿ, ಅಕ್ಕಿ ಅಳೆಯುವಾಗ ಸೇರು ತುಂಬದೆ ಉಳಿದದ್ದನ್ನು ಮುಂದಿನ ಮೂಟೆ ಅಳೆಯುವಾಗ ಮೊದಲು ಸೇರಿಗೆ ಹಾಕುತ್ತಿದ್ದಳಂತೆ. ಉಳಿದದ್ದನ್ನು ಇಲ್ಲ ಅನ್ನುವುದು ಹೇಗೆ, ಕಣ್ಣೆದುರೇ ಉಂಟಲ್ಲ ಎಂದಳು. ಒಬ್ಬೊಬ್ಬರ ಕೊನೆಯ ಬುಟ್ಟಿಯ ಬೊಗಸೆಯನ್ನು ತಂದವರ ಬುಟ್ಟಿಗೇ ತಿರುಗಿ ಹಾಕುತ್ತಿದ್ದಳಂತೆ. ಅದನ್ನು ನಾನು ನೋಡಿರಲಿಲ್ಲ. ಅಷ್ಟು ಹೊತ್ತು ಕಂಬದ ಮರೆಯಲ್ಲಿ ನಿಂತವಳಲ್ಲ ನಾನು.

ಆಮೇಲೆ ಅವಳು ಹೇಳಿದ ಮಾತಿಗೆ ನಾನು ತಯಾರಿರಲಿಲ್ಲ.

"ನಿಮ್ ಯಜಮಾನ್ರ್ ಮರ್ದಿನ ಪೂರಾ ತೂಗಿ ಕಂಡಿರ್. ತೂಗಿದ್ದೇ ನಮ್ಮನಿಗ್ ಬಂದಿರ್. ತೂಕ ಸಮ ಇತ್ತ್, ತಿರ್ಗಿ ಕೆಲ್ಸಕ್ಕೆ ಬಾ ಅಂದ್ರ್."

ನನ್ನ ಗಂಡ ತೀರಿಕೊಂಡು ಹನ್ನೊಂದು ವರ್ಷ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಮನುಷ್ಯ ನನ್ನ ಎದುರು ಕೂತು ಉಂಡಿದ್ದಾರೆ. ಆ ಪುಸ್ತಕದ ಕಥೆಯನ್ನು ನಾನು ನೆಂಟರೆದುರು ಎಷ್ಟು ಸಲ ಹೇಳಿದ್ದೇನೋ, ಕಳ್ಳತನವನ್ನು ಹೇಗೆ ಹಿಡಿದೆ ಎಂದು. ಪ್ರತಿ ಸಲವೂ ಅವರು ಎದ್ದು ಅಂಗಳಕ್ಕೆ ಹೋಗುತ್ತಿದ್ದರು. ಬೀಡಿ ಸೇದಲು ಎಂದು ನಾನು ತಿಳಿದುಕೊಂಡಿದ್ದೆ.

ಮತ್ತೆ ಯಾಕೆ ಬರಲಿಲ್ಲ ಎಂದು ಕೇಳಿದೆ.

"ನೀವ್ ಹೇಳಿದ್ದ್ ಹತ್ ಜನರೆದುರ್. ಅವ್ರ್ ಕರದದ್ದ್ ಹಿತ್ಲ ಬಾಗ್ಲಲ್ ನಿಂತ್ಕಂಡ್. ಎದ್ರ್ ಬಂದ್ ಹೇಳಿ, ಬತ್ತೆ ಅಂದೆ. ನಮ್ಮನಿಯವ್ಳ್ ಸಣ್ಣ ಆತ್ಲ್ ಅಂದ್ರ್."

ನಾನು ಸಣ್ಣವಳಾಗಬಾರದೆಂದು ಅವರು ಬಾಯಿ ಮುಚ್ಚಿಕೊಂಡರು. ಅದನ್ನು ಪ್ರೀತಿ ಅನ್ನಬೇಕೋ ಏನನ್ನಬೇಕೋ ನನಗೆ ಇವತ್ತಿಗೂ ತಿಳಿಯುತ್ತಿಲ್ಲ. ಆ ಹೊತ್ತಿನಲ್ಲಿ ನನಗೆ ಅವರ ಮೇಲೆ ಬಂದ ಸಿಟ್ಟಿನಿಂದ ನನಗೇ ಹೆದರಿಕೆಯಾಯಿತು. ಸತ್ತವರ ಮೇಲೆ ಅಷ್ಟು ಸಿಟ್ಟು ಬರಬಹುದೆಂದು ಗೊತ್ತಿರಲಿಲ್ಲ.

ಕೈಮುಗಿದು ಕ್ಷಮೆ ಕೇಳಲು ಹೊರಟೆ. ಮುದುಕಿ ತಡೆದಳು. "ನಂಗ್ ಹೇಳ್ಬೇಡಿ. ನಂಗ್ ಆವತ್ತೇ ಗೊತ್ತಿತ್ತ್. ಅವ್ಳಿಗ್ ಹೇಳಿ."

ಮಗಳು ಆಗಷ್ಟೇ ಮಾರ್ಕೆಟ್ಟಿನಿಂದ ಬಂದು ಖಾಲಿ ಬುಟ್ಟಿ ಸೊಂಟಕ್ಕೆ ಆನಿಸಿಕೊಂಡು ಅಂಗಳದಲ್ಲಿ ನಿಂತಿದ್ದಳು. ಐವತ್ತರ ಹತ್ತಿರದ ಹೆಂಗಸು. ನಾನು ನೆನಪಿಟ್ಟುಕೊಂಡದ್ದು ಮೂಗು ಸುರಿಸುವ ಮಗುವನ್ನು. ಎಲ್ಲ ಇನ್ನೊಮ್ಮೆ ಹೇಳಿದೆ: ಬೊಗಸೆ, ಗೆರಸಿ, ಏಳು, ಏಳೂವರೆ, ಗಂಡ ತೂಗಿ ನೋಡಿದ್ದು. ಅವಳು ನನ್ನನ್ನು ನೋಡಲಿಲ್ಲ. ಅಬ್ಬಿಯನ್ನೇ ನೋಡುತ್ತಿದ್ದಳು. ಶಾಲೆಯಲ್ಲಿ ಮಕ್ಕಳು ಅವಳ ಪಕ್ಕ ಕೂರುತ್ತಿರಲಿಲ್ಲವಂತೆ, ಪೆನ್ಸಿಲು ಕದಿಯುತ್ತಾಳೆ ಎಂದು. ಅದನ್ನು ಹೇಳಿದ್ದು ಅವಳಲ್ಲ, ಮುದುಕಿ. ಮಗಳು ಮೊದಲು ಹೇಳಿದ್ದು ಒಂದೇ ಮಾತು, ಅದೂ ಅಬ್ಬಿಗೆ.

"ನಾನೂ ನಂಬಿದ್ದೆ ಅಬ್ಬಿ."

ಹೊಟ್ಟೆಗಿಲ್ಲದ ಕಾಲ, ನನಗೋಸ್ಕರ ಮಾಡಿರಬೇಕು ಎಂದುಕೊಂಡು ಕೇಳದೆ ಬಿಟ್ಟಿದ್ದಳಂತೆ. ನಲವತ್ತೈದು ವರ್ಷ ಒಂದೇ ಸೂರಿನ ಅಡಿಯಲ್ಲಿ ಮಗಳು ಅಬ್ಬಿಯನ್ನು ಮನಸ್ಸಿನಲ್ಲಿಯೇ ಕ್ಷಮಿಸಿಕೊಂಡು ಬಂದಿದ್ದಾಳೆ, ಮಾಡದ ತಪ್ಪಿಗೆ. ಮುದುಕಿಯ ಕೈ ಆಗ ಮಡಲಿನ ಮೇಲೆ ನಿಂತಿತು. ಆ ವಿಷಯ ಅವಳಿಗೂ ಗೊತ್ತಿರಲಿಲ್ಲ.

ಚಾ ಕೊಡಲಿಲ್ಲ, ಕೊಡಬೇಕಾಗಿಯೂ ಇರಲಿಲ್ಲ. ನಾವು ಹೊರಡುವಾಗ ಮಗಳು ಹಿಂದೆಯೇ ದಾರಿಯ ತನಕ ಬಂದಳು. ನಾಳೆ ಮಾರ್ಕೆಟ್ಟಿಗೆ ಬನ್ನಿ ಎಂದಳು. ಅವಳ ಸಾಲಿನಲ್ಲಿ ಕೋಡಿಯಿಂದ ಮದುವೆಯಾಗಿ ಬಂದವರು ಇಬ್ಬರು ಕೂರುತ್ತಾರೆ, ಗಿರಾಕಿಯ ಜೊತೆ ಜಗಳವಾದಾಗಲೆಲ್ಲ ಅವರು ಇವಳ ಅಬ್ಬಿಯ ಹೆಸರು ತೆಗೆಯುತ್ತಾರೆ. ಅಲ್ಲಿ ಹೇಳಿ.

ಹೋದೆ. ಆ ದಿನ ಬೈಂದೂರಿನ ಲಾಡ್ಜಿನಲ್ಲಿ ಉಳಿದುಕೊಂಡು ಬೆಳಿಗ್ಗೆ ಹೋದೆವು. ಬಂಗುಡೆ ಬಂದಿತ್ತು, ಜನ ತುಂಬಿತ್ತು. ಸೀರೆಯ ನೆರಿಗೆ ಎತ್ತಿ ಹಿಡಿದು, ಮೀನಿನ ನೀರಿನಲ್ಲಿ ಚಪ್ಪಲಿ ಜಾರದ ಹಾಗೆ ನಡೆದು, ಅವಳ ಮೀನು ಕೊಯ್ಯುವ ಕಲ್ಲಿನ ಎದುರು ನಿಂತೆ. ಅವಳು ತಲೆಯೆತ್ತದೆ ಬಂಗುಡೆಯ ಕಿವಿರು ತೆಗೆಯುತ್ತಿದ್ದಳು. ಪಕ್ಕದ ಇಬ್ಬರು ನನ್ನ ಕನ್ನಡಕವನ್ನೂ ಸೀರೆಯನ್ನೂ ನೋಡಿ ಗಿರಾಕಿ ಎಂದುಕೊಂಡು ಕರೆದರು.

ನಾನು ಕೋಡಿಯ ಒಣಮೀನಿನ ಶೆಡ್ಡಿನವಳು, ಇವಳ ಅಬ್ಬಿ ಸುಳ್ಳು ತೂಕ ಮಾಡಿದಳು ಎಂದು ಹೇಳಿದವಳು ನಾನೇ, ಅದು ತಪ್ಪು, ಅವಳ ತೂಕ ಸರಿ ಇತ್ತು, ನಮ್ಮ ಶೆಡ್ಡಿನ ತೂಕವೇ ಸುಳ್ಳು ಎಂದೆ. ಕೊನೆಕೊನೆಗೆ ಸ್ವರ ಹೊರಡಲಿಲ್ಲ. ಕೋಡಿಯ ಇಬ್ಬರೂ ಕತ್ತಿ ನಿಲ್ಲಿಸಿದರು. ಒಬ್ಬಳು ಬಾಯಿಗೆ ಸೆರಗು ಹಿಡಿದಳು.

ಮಗಳು ಕಿವಿರನ್ನು ಬದಿಗೆ ಎಸೆದು ಮೊದಲ ಸಲ ನನ್ನ ಮುಖ ನೋಡಿದಳು.

"ಇನ್ನೂ ದೊಡ್ಡಕ್ ಹೇಳಿ," ಎಂದಳು. "ಆಚಿ ಸಾಲಿನವ್ರಿಗ್ ಕೇಣ್ಲಿಲ್ಲ."

ನಾನು ಆಚೆಯ ಸಾಲಿನ ಕಡೆ ತಿರುಗಿ ನಿಂತು ಮೊದಲಿನಿಂದ ಹೇಳಿದೆ.